ಧ್ರುವ ನಕ್ಷತ್ರ ಕಾಣದೇ ಇದ್ರೂ ಎಂ42 ಫೋಟೋ ಬಂತು

ಮೂರು ಶನಿವಾರ ಹಾಳಾಯ್ತು. ಬೆಂಗಳೂರಲ್ಲಿ ನಮ್ಮನೆ ಟೆರೇಸಿಂದ ಟೆಲಿಸ್ಕೋಪಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೆಬ್ಯುಲಾ, ಅಂದ್ರೆ ಎಂ42 ಅನ್ನೋ ಹೊಳೆಯೋ ಅನಿಲ-ಧೂಳಿನ ಮೋಡದ ಫೋಟೋ ಹಿಡಿಯೋಕೆ ಹೋದ್ರೆ 30 ಸೆಕೆಂಡಿನ ಎಕ್ಸ್‌ಪೋಷರಿಗೇ ನಕ್ಷತ್ರ ಎಲ್ಲಾ ಅಕ್ಕಿಕಾಳಿನ ಥರ ಉದ್ದ ಆಗ್ತಿತ್ತು. ನಕ್ಷತ್ರದ ಜೊತೆ ಟೆಲಿಸ್ಕೋಪ್ ತಿರುಗಿಸೋ ಮೌಂಟಿನ (ಸ್ಟ್ಯಾಂಡಿನ) ಮೋಟರ್ ಮೇಲೆ ಡೌಟ್ ಬಂದು ಸುಮ್ನೆ ಬಿಚ್ಚಿ ಗ್ರೀಸ್ ಬೇರೆ ಹಾಕ್ದೆ. ಅಸಲಿ ತಪ್ಪು ಪೋಲಾರ್ ಅಲೈನ್‌ಮೆಂಟಲ್ಲಿ, ಅಂದ್ರೆ ಮೌಂಟ್ ತಿರುಗೋ ಅಕ್ಷಾನ ಧ್ರುವ ನಕ್ಷತ್ರದ ಹತ್ರ ಇರೋ ಆಕಾಶದ ಉತ್ತರ ಧ್ರುವಕ್ಕೆ ನೇರ ಮಾಡೋದ್ರಲ್ಲಿ. ನಮ್ಮೂರ ಅಕ್ಷಾಂಶ 13 ಡಿಗ್ರಿ, ಧ್ರುವ ನಕ್ಷತ್ರಾನೂ ಹೆಚ್ಚುಕಮ್ಮಿ ಅಷ್ಟೇ ಎತ್ತರ, ಅದು ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕ್ ಹಿಂದೆ, ನಾನು ಫೋನಿನ ಕಂಪಾಸ್ ನಂಬ್ಕೊಂಡು ಕೂತಿದ್ದೆ, ಟೆರೇಸಿನ ಕಂಬಿ ಹತ್ರ ಅದು ಸುಳ್ಳು ಹೇಳ್ತಿತ್ತು.

ಆಮೇಲೆ ಡ್ರಿಫ್ಟ್ ಮೆಥಡ್ ಮಾಡಿದೆ, ಅಂದ್ರೆ ನಕ್ಷತ್ರ ಯಾವ ಕಡೆ ಜಾರುತ್ತೆ ಅಂತ ನೋಡಿ ಅಕ್ಷ ಸರಿ ಮಾಡೋದು. ವ್ಯಾಧನ ಬೆಲ್ಟಿನ ಮಿಂಟಕ ನಕ್ಷತ್ರ ಖಗೋಳ ಸಮಭಾಜಕಕ್ಕೆ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿರೋ ಗೆರೆಗೆ) ಅಂಟ್ಕೊಂಡಂಗೇ ಇದೆ, ಅದು ನೆತ್ತಿ ಹತ್ರದ ಉತ್ತರ-ದಕ್ಷಿಣ ಗೆರೆಗೆ ಬಂದಾಗ ಕ್ರಾಸ್‌ಹೇರ್ ಐಪೀಸಲ್ಲಿ (ಅಡ್ಡ-ಉದ್ದ ಗೆರೆ ಇರೋ, ಕಣ್ಣಿಡೋ ಮಸೂರದಲ್ಲಿ) ಇಟ್ಟು ಐದು ನಿಮಿಷ ಕಾದೆ. ದಕ್ಷಿಣಕ್ಕೆ ಜಾರ್ತು, ಅಂದ್ರೆ ಮೌಂಟಿನ ಅಕ್ಷ ಪೂರ್ವಕ್ಕೆ ಜಾಸ್ತಿ ತಿರುಗಿದೆ ಅಂತ, ಪಶ್ಚಿಮಕ್ಕೆ ಚೂರು ತಿರುಗಿಸ್ದೆ. ಮತ್ತೆ ಪೂರ್ವದಲ್ಲಿ ಕೆಳಗಿದ್ದ ಮಖಾ ನಕ್ಷತ್ರ ಹಿಡ್ಕೊಂಡು ಎತ್ತರ ಸರಿ ಮಾಡ್ದೆ, ಅಲ್ಲಿ ದಕ್ಷಿಣಕ್ಕೆ ಜಾರಿದ್ರೆ ಅಕ್ಷ ತಗ್ಗಾಗಿದೆ, ಎತ್ತಬೇಕು. ಒಂದು ಗಂಟೆ ಹಿಡೀತು, ಸೊಳ್ಳೆ ಕಾಟ ಬೇರೆ.

ಈಗ 90 ಸೆಕೆಂಡಿಗೂ ನಕ್ಷತ್ರ ಗುಂಡಗೆ ಬರುತ್ತೆ. ನೆಬ್ಯುಲಾ ನಡುವಿನ ಟ್ರಪೀಜಿಯಂ (ಹೊಳೆಯೋ ನಕ್ಷತ್ರಗಳ ಪುಟ್ಟ ಗುಂಪು) ಮಾತ್ರ ಬೆಳ್ಳಗೆ ಸುಟ್ಟೋಗ್ತಿತ್ತು, ಅದಕ್ಕೆ 5 ಸೆಕೆಂಡಿನ ಫ್ರೇಮ್ ಬೇರೆ ತೆಗ್ದು ಸೇರಿಸ್ದೆ.