ಮಳೆ ನಕ್ಷತ್ರದ ಲೆಕ್ಕದಲ್ಲಿ ನನ್ನ ಕೈತೋಟದ ಡೈರಿ

ಕೈತೋಟಕ್ಕೆ ಡೈರಿ ಇಡಬೇಕು ಅಂತಿರುವವರಿಗೆ ಮೊದಲೇ ಹೇಳುತ್ತೇನೆ, ಜನವರಿ, ಫೆಬ್ರವರಿ ಅಂತ ಪುಟ ಮಾಡಬೇಡಿ. ನಮ್ಮ ರಾಯಚೂರಿನ ಹಿತ್ತಲಿಗೆ ಆ ಲೆಕ್ಕ ಕೂಡುವುದಿಲ್ಲ. ನಾನು ಮಳೆ ನಕ್ಷತ್ರದ ಮೇಲೆ ಪುಟ ಮಾಡಿಕೊಂಡಿದ್ದೇನೆ. ಅಶ್ವಿನಿಯಿಂದ ರೇವತಿವರೆಗೆ 27, ಒಂದೊಂದಕ್ಕೆ ಎದುರುಬದುರು ಎರಡು ಪುಟ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಆ ದಿನಗಳೇ ಆ ಹೆಸರಿನ ಮಳೆ; ತಾರೀಖು ಗೋಡೆ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಯುಗಾದಿ, ದಸರಾ ವಾರಗಟ್ಟಲೆ ಹಿಂದೆ ಮುಂದೆ ಆಗುತ್ತವೆ ಅಲ್ವಾ? ಮೃಗಶಿರ ಹಾಗಲ್ಲ, ಜೂನ್ 7-8ಕ್ಕೇ ಹುಟ್ಟುತ್ತದೆ.

ವರ್ಷಕ್ಕೊಂದು ಹೊಸ ಪುಸ್ತಕ ಬೇಡ. ಅದೇ ಪುಟದಲ್ಲಿ ಅಂಚಿಗೆ ಇಸವಿ ಹಾಕಿ ಮೂರ್ನಾಲ್ಕು ಸಾಲು ಬರೆದರೆ ಸಾಕು, ಹೋದ ವರ್ಷದ್ದು ಅದರ ಮೇಲೇ ಕಾಣುತ್ತದೆ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಒದ್ದೆ ಕೈ ತಾಗಿದರೂ ಅಳಿಯುವುದಿಲ್ಲ.

ಮಳೆ ಅಳೆಯಲು ನೆಟ್ಟಗೆ ನಿಂತ ಸ್ಟೀಲ್ ಡಬ್ಬಿ ಬಯಲಲ್ಲಿ ಇಟ್ಟಿದ್ದೇನೆ. ಬಾಯಿ, ತಳ ಒಂದೇ ಅಗಲ ಇರಬೇಕು. ಸ್ಕೇಲ್ ಇಟ್ಟಾಗ 10 ಮಿಲಿಮೀಟರ್ ನೀರಿದ್ದರೆ ಒಂದು ಚದರ ಮೀಟರ್ ಮಡಿಗೆ 10 ಲೀಟರ್ ಬಿದ್ದಿದೆ ಅಂತ ಲೆಕ್ಕ. ಅವತ್ತು ಬೋರ್ ನೀರು ಬಿಡುವುದಿಲ್ಲ.

ಆದರೆ ಡೈರಿಯ ಜೀವ ಇರುವುದು ಗಿಡ ಏನು ಮಾಡಿತು ಅನ್ನುವ ಸಾಲಿನಲ್ಲಿ. ಭರಣಿ, ಕೃತ್ತಿಕಾ ಪುಟ, ಅಂದರೆ ಏಪ್ರಿಲ್ ಕೊನೆಯಿಂದ ಮೇವರೆಗಿನದ್ದು, ತೆಗೆದರೆ ಟೊಮೆಟೊ ಬಗ್ಗೆ ಪ್ರತಿ ವರ್ಷ ಒಂದೇ ಮಾತು: "ಹೂವು ಬಿಟ್ಟಿದೆ, ತೊಟ್ಟಿನ ಗಂಟು ಹಳದಿ, ಮುಟ್ಟಿದರೆ ಕಳಚಿ ಬೀಳುತ್ತದೆ." ಗೊಬ್ಬರ ಸಾಲಲಿಲ್ಲ ಅಂತ ಯಾರಾದರೂ ಹೇಳಬಹುದು, ಆದರೆ ಪಕ್ಕದಲ್ಲೇ ಬಿಸಿಲು 40 ಡಿಗ್ರಿ ದಾಟಿದ್ದು, ರಾತ್ರಿಯೂ ಧಗೆ ಇಳಿಯದಿದ್ದದ್ದು ಬರೆದಿದೆ. ಅಷ್ಟು ಕಾವಿಗೆ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಅದೇ ಪುಟದಲ್ಲಿ ಚವಳಿಕಾಯಿ (ಗೋರಿಕಾಯಿ) ಮಾತ್ರ ಜಗ್ಗದೆ ಕಾಯಿ ಬಿಟ್ಟಿದೆ. ಹೀಗಾಗಿ ಬೇಸಿಗೆ ಮಡಿ ಪೂರ್ತಿ ಚವಳಿಕಾಯಿಗೆ, ಟೊಮೆಟೊ ಸಸಿ ಅಕ್ಟೋಬರ್ ನಡುವಿನ ಚಿತ್ತಿ (ಚಿತ್ತಾ) ಮಳೆಗೆ.

ನಮ್ಮದು ಎರೆ ಮಣ್ಣು. ಬೇಸಿಗೆಗೆ ಬೆರಳು ಹೋಗುವಷ್ಟು ಬಿರುಕು, ಮಳೆಗೆ ಚಪ್ಪಲಿ ಕಿತ್ತುಕೊಳ್ಳುವ ಅಂಟು. ನಡುವೆ ಎರಡು ಮೂರು ದಿನ ಅಷ್ಟೇ ಹದ. ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ ಮೊಣಕಾಲೆತ್ತರದಿಂದ ಬಿಡುತ್ತೇನೆ. ಚಪ್ಪಟೆಯಾದರೆ ಗುದ್ದಲಿ ಮುಟ್ಟುವುದಿಲ್ಲ, ಪುಡಿಯಾಗಿ ಒಡೆದರೆ "ಹದ ಬಂತು" ಅಂತ ಬರೆದು ಅವತ್ತೇ ಅಗೆಯುತ್ತೇನೆ. ಎಷ್ಟು ಮಳೆಗೆ ಎಷ್ಟು ದಿನ ಬಿಟ್ಟು ಹದ ಬರುತ್ತದೆ ಅನ್ನುವುದು ನನಗೆ ಇಲ್ಲಿಂದಲೇ ಸಿಕ್ಕಿದ್ದು.

ಪಕ್ಕದ ಮನೆ ಅಜ್ಜಿಗೆ ಡೈರಿ ಬೇಕಿಲ್ಲ. "ಹಸ್ತ ಮಳಿ ಮುಗೀತಲ್ಲವ್ವಾ, ಕೊತ್ತಂಬ್ರಿ ಚೆಲ್ಲು ಇನ್ನ" ಅಂತಾರೆ. ಅದನ್ನೂ ಬರೆದುಕೊಂಡೆ. ಬೇಸಿಗೆಯಲ್ಲಿ ಹಾಕಿದ ಕೊತ್ತಂಬರಿ ಸೊಪ್ಪಾಗುವ ಮೊದಲೇ ಹೂವಿಗೆ ಏರುತ್ತದೆ, ಚಿತ್ತಿಗೆ ಹಾಕಿದ್ದು ಚಳಿ ಪೂರ್ತಿ ಸೊಪ್ಪು ಕೊಡುತ್ತದೆ.

ಸ್ವಾತಿ ದಾಟಿದ ಮೇಲೆ ನಕ್ಷತ್ರದ ಹೆಸರು ಯಾರೂ ಅಷ್ಟಾಗಿ ಎತ್ತುವುದಿಲ್ಲ, ಮಲ್ಲಿಗೆಗೆ ಮಾತ್ರ ಆ ಪುಟಗಳೇ ಮುಖ್ಯ. ಜ್ಯೇಷ್ಠಾದಲ್ಲಿ, ಅಂದರೆ ಡಿಸೆಂಬರ್ ಮೊದಲಲ್ಲಿ ಸವರಿದ ಬಳ್ಳಿ ಫೆಬ್ರವರಿಯ ಧನಿಷ್ಠಾಗೆ ಮೊಗ್ಗು ತೋರಿಸಿದೆ. ಈ ಸಲ ಒಂದು ಬಳ್ಳಿಯನ್ನು ಅನುರಾಧಾದಲ್ಲೇ ಸವರಿ, ಇನ್ನೊಂದನ್ನು ಜ್ಯೇಷ್ಠಾವರೆಗೆ ಬಿಡುತ್ತೇನೆ. ಯಾವುದಕ್ಕೆ ಹೂವು ಜಾಸ್ತಿ ಅಂತ ಪಕ್ಕಪಕ್ಕದಲ್ಲೇ ಬರೆಯಬೇಕು.