ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮಿಂಗ್ ಸೆಟ್ ಜೋಡಿಸಿದ ನನ್ನ ಅನುಭವ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿಯಿದೆ. ಹಗಲೆಲ್ಲ ನುಡಿ ತಂತ್ರಾಂಶದಲ್ಲಿ ಅರ್ಜಿ, ಕರಪತ್ರ, ಲಗ್ನಪತ್ರಿಕೆಗಳ ಕೆಲಸ. ರಾತ್ರಿ ಎಂಟೂವರೆಗೆ ಶಟರ್ ಅರ್ಧ ಇಳಿಸಿದ ಮೇಲೆ ಒಂದು ಗಂಟೆ ಗೇಮ್. 2024ರ ಬೇಸಿಗೆಯಲ್ಲಿ ಹಳೆಯ ಯಂತ್ರ ಕೈಕೊಟ್ಟಾಗ, ಈ ಎರಡೂ ಕೆಲಸಕ್ಕೆ ಒದಗುವ ಸೆಟ್ಟೊಂದನ್ನು, ಮಾನಿಟರ್ ಬಿಟ್ಟು, ಇಪ್ಪತ್ತೈದು ಸಾವಿರದೊಳಗೆ, ಅದೂ ಗೇಮಿನ ಚಿತ್ರ ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕದೆ ಜೋಡಿಸುತ್ತೇನೆಂದು ಹೇಳಿದೆ. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ನಕ್ಕುಬಿಟ್ಟ. "ಸುಮ್ಕಿರಣ್ಣ, ಕಾರ್ಡ್ ಇಲ್ದಲೇ ಗೇಮ್ ಓಡ್ತದಾ?" ಎಂದು ಅವನು ಕೇಳಿದ್ದನ್ನು ಅಂಗಡಿಗೆ ಬರುವ ಇನ್ನೂ ನಾಲ್ಕು ಜನ ತಮ್ಮ ತಮ್ಮ ಮಾತಿನಲ್ಲಿ ಕೇಳಿದರು.

ಕಾರ್ಡು ಬೇಡವೆಂಬ ಹಟ ನನಗೆ ಹುಟ್ಟಲು ಕಾರಣವಿತ್ತು. ಹಿಂದಿನ ವರ್ಷ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಎಂದು ನಂಬಿ ಸುಮಾರು ಐದೂವರೆ ಸಾವಿರಕ್ಕೆ ಒಂದು ಕಾರ್ಡ್ ತಂದಿದ್ದೆ. ಮನೆಗೆ ತಂದು, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದರೆ ಹೆಸರಿನ ಮುಂದೆಯೇ ಚೌಕ ಕಂಸದಲ್ಲಿ 'ಫೇಕ್' ಎಂಬ ಪದವಿತ್ತು. ಹತ್ತು ವರ್ಷ ಹಳೆಯ ಕಾರ್ಡಿನ ಬಯಾಸ್ (ಒಳಗೇ ಬರೆದಿಟ್ಟ ಮೂಲ ತಂತ್ರಾಂಶ) ತಿದ್ದಿ ಹೊಸ ಹೆಸರು ಕೊಟ್ಟಿದ್ದರು. ಕಾರ್ಡಿನ ಹಿಂಬದಿಯಲ್ಲಿ ನೀಲಿ ವಿಜಿಎ ಪೋರ್ಟ್ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು, ಏಕೆಂದರೆ ಅಸಲಿ 1050 ಟಿಐ ಪೀಳಿಗೆಯ ಚಿಪ್ಪಿನಲ್ಲಿ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ಟೇ ಇಲ್ಲ. ಮಾರಿದವನ ಫೋನು ಆಮೇಲೆ ಹತ್ತಲಿಲ್ಲ.

ಕಚೇರಿಗಳಿಂದ ಹೊರಬಿದ್ದ ನಾಲ್ಕನೇ ಪೀಳಿಗೆಯ ಇಂಟೆಲ್ ಐ5 ಪ್ರೊಸೆಸರಿನ ಟವರ್ ತಂದು ಅದಕ್ಕೊಂದು ಜಿಟಿಎಕ್ಸ್ 1650 ಕಾರ್ಡ್ ಸಿಕ್ಕಿಸುವ ದಾರಿಯನ್ನೂ ಯೋಚಿಸಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ಆದರೆ ಅಂಥ ಬಹಳಷ್ಟು ಬ್ರಾಂಡೆಡ್ ಯಂತ್ರಗಳಲ್ಲಿ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಸುಟ್ಟರೆ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ, ಕನೆಕ್ಟರೇ ಬೇರೆ. ಮೇಲಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲುವುದು ಆಗಲೇ ಗೊತ್ತಿತ್ತು, ವಿಂಡೋಸ್ 11ರ ಪಟ್ಟಿಯಲ್ಲಿ ಆ ಪ್ರೊಸೆಸರ್ ಇರಲಿಲ್ಲ.

ಹಾಗಾಗಿ ಎಎಂಡಿಯ ರೈಜೆನ್ 5 5600ಜಿ ಪ್ರೊಸೆಸರ್ ಹಿಡಿದೆ. ಹೊಸದಕ್ಕೇ ಹನ್ನೊಂದು ಸಾವಿರದ ಆಸುಪಾಸು ಕೊಟ್ಟ ನೆನಪು. ಆರು ಕೋರ್, ಒಳಗೇ ವೇಗಾ 7 ಗ್ರಾಫಿಕ್ಸ್, ಜೊತೆಗೆ ಪೆಟ್ಟಿಗೆಯಲ್ಲೇ ಕೂಲರ್. ಹಣ ಉಳಿಸಲೆಂದು, ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತಂದೆ. ಬಿ450 ಮಾದರಿಯದು, ಮೂರು ಸಾವಿರದ ಇನ್ನೂರು. ಆ ಉಳಿತಾಯವೇ ನನ್ನ ಎರಡು ಭಾನುವಾರಗಳನ್ನು ತಿಂದಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಬೋರ್ಡಿನ ಬಯಾಸ್ 2019ರದು, 2021ರಲ್ಲಿ ಬಂದ ಪ್ರೊಸೆಸರನ್ನು ಅದು ಗುರುತಿಸುವಂತೆಯೇ ಇರಲಿಲ್ಲ. ಬಯಾಸ್ ಹೊಸದು ಮಾಡಬೇಕಾದರೆ ಆ ಬೋರ್ಡಿಗೆ ಪರಿಚಯವಿರುವ ಹಳೆಯ ಪ್ರೊಸೆಸರ್ ಬೇಕು. ಮೈಸೂರಿನ ಸರಸ್ವತೀಪುರಂನಲ್ಲಿ ರಿಪೇರಿ ಮಾಡುವ ಗೆಳೆಯನಿಂದ ರೈಜೆನ್ 3 3200ಜಿ ಪ್ರೊಸೆಸರ್ ಒಂದನ್ನು ಕಡ ತಂದು, ರೈಲಿನಲ್ಲಿ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅಪ್‌ಡೇಟ್ ಹತ್ತು ನಿಮಿಷದಲ್ಲಿ ಮುಗಿಯಿತು.

ಖುಷಿಯಲ್ಲಿ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದದ್ದು ನನ್ನ ತಪ್ಪು. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಅಂಟಿಕೊಂಡು, ಲಿವರ್ ಹಾಕಿದ್ದ ಸಾಕೆಟ್ಟಿನಿಂದಲೇ ಪ್ರೊಸೆಸರ್ ಕಿತ್ತು ಬಂತು. ತಿರುಗಿಸಿ ನೋಡಿದರೆ 1,331 ಪಿನ್ನುಗಳಲ್ಲಿ ಅಂಚಿನ ಮೂರು, ಗಾಳಿಗೆ ಬಿದ್ದ ಭತ್ತದ ಪೈರಿನಂತೆ ಒಂದೇ ಕಡೆಗೆ ವಾಲಿದ್ದವು. ಅದು ಗೆಳೆಯನ ಪ್ರೊಸೆಸರ್ ಬೇರೆ. ಮುದ್ರಣದ ಚುಕ್ಕೆ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಕಡ್ಡಿ ತೆಗೆದ ಪೆನ್ ಪೆನ್ಸಿಲಿನ ಲೋಹದ ಮೂತಿಯನ್ನು ಪಿನ್ನಿನ ಮೇಲೆ ತೂರಿಸಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು, ಮೂರೂ ಉಳಿದವು. ಅಂದಿನಿಂದ ಈ ಬಗೆಯ ಎಎಂ4 ಸಾಕೆಟ್ಟಿನ ಕೂಲರ್ ತೆಗೆಯುವ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆರಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿಯೇ ಎತ್ತುತ್ತೇನೆ. ಗೆಳೆಯನಿಗೆ ಈ ಕಥೆಯನ್ನು ಆರು ತಿಂಗಳ ನಂತರ ಹೇಳಿದೆ.

ಇಷ್ಟಾಗಿ ವಿಂಡೋಸ್ ಹಾಕಿ ಜಿಟಿಎ 5 ತೆರೆದರೆ, ನಾರ್ಮಲ್ ಸೆಟ್ಟಿಂಗಿನಲ್ಲಿ, 1080ಪಿ ರೆಸಲ್ಯೂಷನ್ನಿನಲ್ಲಿ, ಸೆಕೆಂಡಿಗೆ ನಲವತ್ತರ ಸುತ್ತಮುತ್ತ ಫ್ರೇಮು, ತಿರುವಿನಲ್ಲಿ ಮೂವತ್ತು. ಹುಡುಗ ನೋಡಿ ಏನೂ ಹೇಳದೆ ಎದ್ದುಹೋದ, ಅದು ನಗುವುದಕ್ಕಿಂತ ಹೆಚ್ಚು ಚುಚ್ಚಿತು. ತಪ್ಪು ನನ್ನದೇ. ಮುಂದೆ ಇನ್ನೊಂದು ಸೇರಿಸೋಣವೆಂದು 16 ಜಿಬಿಯ ಒಂದೇ ರ‍್ಯಾಮ್ ಹಾಕಿದ್ದೆ. ಒಳಗಿನ ಗ್ರಾಫಿಕ್ಸಿಗೆ ತನ್ನದೆಂಬ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಂಡು ಬದುಕಬೇಕು. 3200 ವೇಗದ ಒಂಟಿ ರ‍್ಯಾಮ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ, ಜೋಡಿ 51.2 ಸಾಗಿಸುತ್ತದೆ. ಅಸಲಿ 1050 ಟಿಐಗೆ 112 ಇದೆಯೆಂದು ನೆನೆದರೆ ನಾನು ಯಾವ ಮೂಲೆಯಲ್ಲಿ ಜಿಪುಣತನ ಮಾಡಿದ್ದೆನೆಂದು ತಿಳಿಯುತ್ತದೆ. ಆ ರ‍್ಯಾಮನ್ನು ಏಳೆಂಟು ನೂರು ನಷ್ಟಕ್ಕೆ ಮಾರಿ, 8 ಜಿಬಿಯ ಎರಡನ್ನು ಮೂರು ಸಾವಿರದ ಮುನ್ನೂರಕ್ಕೆ ತಂದು, ಬೋರ್ಡಿನ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಕೂರಿಸಿ, ಬಯಾಸಿನಲ್ಲಿ ಅವನ್ನು ಪೂರ್ಣ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದೆ. ಇದನ್ನು ಮರೆತರೆ ರ‍್ಯಾಮ್ 2400ಕ್ಕೋ 2666ಕ್ಕೋ ಕೂತುಬಿಡುತ್ತದೆ. ಮಂಡ್ಯದಲ್ಲೇ ನಾನು ನೋಡಿದ ಮೂರು ಸೆಟ್ಟುಗಳು ಹೀಗೆ ಕೂತಿದ್ದವು. ಅದೇ ಗೇಮು ಅದೇ ಸೆಟ್ಟಿಂಗಿನಲ್ಲಿ ಅರವತ್ತು ದಾಟಿತು. ವ್ಯಾಲೊರಂಟ್ ಲೋ ಸೆಟ್ಟಿಂಗಿನಲ್ಲಿ ನೂರೈವತ್ತರ ಹತ್ತಿರ, ಕೌಂಟರ್ ಸ್ಟ್ರೈಕ್ 2 ಐವತ್ತೈದರ ಹತ್ತಿರ. ಕೊನೆಯದನ್ನು ಮಾತ್ರ ನಾನು 900ಪಿಗೆ ಇಳಿಸಿ ಆಡುತ್ತೇನೆ.

ಗ್ರಾಫಿಕ್ಸಿಗೆ ಮೀಸಲಿಡುವ ಮೆಮೊರಿಯನ್ನು 4 ಜಿಬಿಗೆ ಏರಿಸಿ ನೋಡಿದೆ. ಗೇಮಿನಲ್ಲಿ ಏನೂ ಬದಲಾಗಲಿಲ್ಲ, ಹಗಲು ಫೋಟೋಶಾಪ್ ಮಾತ್ರ ತೆವಳತೊಡಗಿತು. ಎರಡಕ್ಕೆ ಇಳಿಸಿದೆ. ರ‍್ಯಾಮನ್ನು 3600ಕ್ಕೆ ಎಳೆದಾಗ ನಾಲ್ಕೈದು ಫ್ರೇಮು ಹೆಚ್ಚಿದ್ದು ನಿಜ, ಆದರೆ ವಾರದೊಳಗೆ ಗಿರಾಕಿಯೊಬ್ಬರ ಲಗ್ನಪತ್ರಿಕೆಯ ಫೈಲು ಕೆಟ್ಟು ತೆರೆಯದೆ ಹೋಗಿ, ರಾತ್ರಿ ಕುಳಿತು ಮತ್ತೆ ಕಂಪೋಸ್ ಮಾಡಿಕೊಟ್ಟೆ. 3200ಕ್ಕೆ ಮರಳಿದ ಮೇಲೆ ಗ್ರಾಫಿಕ್ಸಿನ ಕ್ಲಾಕ್ ವೇಗವನ್ನು 1900 ಮೆಗಾಹರ್ಟ್ಸಿನಿಂದ ಮೇಲಕ್ಕೇರಿಸಿ ಅದೇ ಲಾಭವನ್ನು ಪಡೆದೆ. ಎಷ್ಟಕ್ಕೆ ಏರಿಸಿದೆ, ಎಷ್ಟು ವೋಲ್ಟ್ ಕೊಟ್ಟೆ ಎಂಬುದು ಮೂರು ವಾರದ ನಿದ್ದೆಗೆಟ್ಟು ಕಂಡುಕೊಂಡದ್ದಾದ್ದರಿಂದ ನನ್ನ ಬಳಿಯೇ ಇರಲಿ. ಏಪ್ರಿಲ್ ಧಗೆಯಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟಾಗ ಏಳೆಂಟು ಡಿಗ್ರಿ ಇಳಿಯಿತು, ಹದಿನೈದು ದಿನದಲ್ಲಿ ಕೂಲರಿನ ರೆಕ್ಕೆಗಳ ನಡುವೆ ರಸ್ತೆಯ ಧೂಳು ಹತ್ತಿಯಂತೆ ತುಂಬಿತು. ಬಾಗಿಲು ಮುಚ್ಚಿ ಮುನ್ನೂರರ ಎರಡು ಫ್ಯಾನ್ ಹಾಕಿದೆ.

ಹಳೆಯ ಕ್ಯಾಬಿನೆಟ್ಟಿನಲ್ಲಿದ್ದ ಏಳುನೂರು ರೂಪಾಯಿಯ '450 ವ್ಯಾಟ್' ಎಸ್‌ಎಂಪಿಎಸ್ಸನ್ನೇ ಮೊದಲ ತಿಂಗಳು ಬಳಸಿದ್ದೆ. ಅಂಗೈಯಲ್ಲಿ ಹಿಡಿದರೆ ಖಾಲಿ ತಿಂಡಿ ಡಬ್ಬದಷ್ಟು ಹಗುರವಾಗಿದ್ದ ಅದು ಒಂದು ಸಂಜೆ ಪಟ್ಟೆಂದು ಸಿಡಿದು ಅಂಗಡಿ ತುಂಬ ಸುಟ್ಟ ವಾಸನೆ ಬಿಟ್ಟಿತು. ಬೋರ್ಡ್ ಉಳಿದದ್ದು ನನ್ನ ಪುಣ್ಯ. ಎರಡು ಸಾವಿರದ ಒಂಬೈನೂರಕ್ಕೆ, ದಕ್ಷತೆಯಲ್ಲಿ ಬ್ರಾಂಜ್ ದರ್ಜೆಯದು ತಂದೆ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವಾಗಲೆಲ್ಲ ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು. ಹೊಸ ಎಸ್‌ಎಂಪಿಎಸ್ಸೇ ಸರಿಯಿಲ್ಲವೆಂದು ಬೈದುಕೊಂಡು ಹಿಂತಿರುಗಿಸಲು ಹೊರಟಿದ್ದವನು, ಇನ್ವರ್ಟರಿನ ಹಿಂದಿದ್ದ ಸಣ್ಣ ಗುಂಡಿಯನ್ನು ನಾರ್ಮಲ್‌ನಿಂದ ಯುಪಿಎಸ್ ಮೋಡಿಗೆ ತಳ್ಳಿ ನೋಡಿದೆ. ರೀಸ್ಟಾರ್ಟ್ ನಿಂತಿತು. ಸ್ಕ್ವೇರ್ ವೇವ್ ಇನ್ವರ್ಟರ್ ಆದ್ದರಿಂದ ಎಸ್‌ಎಂಪಿಎಸ್ ಗುಂಯ್‌ಗುಡುವುದು ನಿಂತಿಲ್ಲ, ಅಷ್ಟು ಹೊತ್ತು ಆಟ ನಿಲ್ಲಿಸುತ್ತೇನೆ.

500 ಜಿಬಿಯ ಎನ್‌ವಿಎಂಇ (ಫೈಲು ಇಡುವ ವೇಗದ ಡ್ರೈವ್) ಸೇರಿ ಒಟ್ಟು ಇಪ್ಪತ್ನಾಲ್ಕು ಸಾವಿರದ ಹತ್ತಿರ ಬಿತ್ತು. ನಕಲಿ ಕಾರ್ಡು, ಮಾರಿದ ರ‍್ಯಾಮಿನ ನಷ್ಟ, ಮೈಸೂರು ಓಡಾಟಗಳನ್ನು ಸೇರಿಸಿದರೆ ಮೂವತ್ತು ದಾಟುತ್ತದೆ, ಅದನ್ನು ಹೆಂಡತಿಗೆ ಹೇಳಿಲ್ಲ. ಮುಂದೆ ಕಾರ್ಡು ಹಾಕುವುದಾದರೆ 6500 ಎಕ್ಸ್‌ಟಿ ಹಾಕಿ ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ದತ್ತಾಂಶ ಸಾಗುವ ಲೇನು ನಾಲ್ಕೇ, ಈ ಪ್ರೊಸೆಸರಿನಲ್ಲಿ ಹಳೆಯ, ನಿಧಾನದ ಪಿಸಿಐಇ 3 ಸಂಪರ್ಕ ಮಾತ್ರ, ಹಾಗಾಗಿ ಕೊಟ್ಟ ಹಣದ ಪೂರ್ತಿ ಫಲ ಸಿಗುವುದಿಲ್ಲ.

ಹುಡುಗನಿಗೆ ಆ ವರ್ಷದ ದಸರಾ ಹೊತ್ತಿಗೆ ಇದೇ ಲೆಕ್ಕದಲ್ಲಿ ಒಂದು ಸೆಟ್ ಜೋಡಿಸಿಕೊಟ್ಟೆ. ಬೋರ್ಡನ್ನು ಮಾತ್ರ ಹೊಸದೇ ತರಿಸಿದೆ. ಅವನ ಗೆಳೆಯನೊಬ್ಬ ಈಗ ತನಗೂ ಬೇಕೆಂದು ದುಂಬಾಲು ಬಿದ್ದಿದ್ದಾನೆ. ಆದರೆ 2025ರ ಕೊನೆಯಿಂದ ರ‍್ಯಾಮಿನ ಬೆಲೆ ಏರಿದ ರೀತಿ ನೋಡಿದರೆ, ನಾನು ಮೂರು ಸಾವಿರದ ಮುನ್ನೂರಕ್ಕೆ ತಂದ ಜೋಡಿಗೆ ಅದರ ದುಪ್ಪಟ್ಟಿಗೂ ಹೆಚ್ಚು ಕೇಳುತ್ತಿದ್ದಾರೆ. ಎಸ್.ಪಿ. ರಸ್ತೆಯಲ್ಲಿ ನಾನು ಹೋಗುವ ಅಂಗಡಿಯವರು ಬಳಸಿದ ಜೋಡಿಯೊಂದನ್ನು ತೆಗೆದಿಡುವುದಾಗಿ ಹೇಳಿದ್ದಾರೆ. ಅಂಗಡಿ ಯಾವುದೆಂದು ಹೇಳಿದರೆ ಆ ಜೋಡಿ ನನಗೆ ಸಿಗುವುದಿಲ್ಲ.