ಆರ್‌ಎಕ್ಸ್ 100 ಕೊಳ್ಳುವ ಮುಂಚೆ ನಾನು ಜೋಡಿಸಿದ ಚೀಟಿಗಳು

ಮೊದಲ ಸಲ ಹಳೇ ಬೈಕ್ ಕೊಂಡಾಗ ನಾನು ನೋಡಿದ್ದು ಬಣ್ಣ. ಟ್ಯಾಂಕು ಫಳಫಳ ಅನ್ನುತ್ತಿತ್ತು, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ದುಡ್ಡು ಎಣಿಸಿಕೊಟ್ಟೆ. ಆಮೇಲೆ ಆರ್‌ಸಿ (ನೋಂದಣಿ) ರಿನೀವಲ್‌ಗೆ ಹೋದರೆ ಇನ್‌ಸ್ಪೆಕ್ಟರು ಗಾಡಿಯ ಚೌಕಟ್ಟಿನ ಮೇಲೆ ಅಚ್ಚೊತ್ತಿದ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಮೂಡಿದ ಅಂಕಿಗಳಲ್ಲಿ ಎರಡು ಸೊಟ್ಟಗೆ ನಿಂತಿದ್ದವು. ಯಾರೋ ಉಜ್ಜಿ ಅಳಿಸಿ ಮತ್ತೆ ಪಂಚ್ ಹೊಡೆದಿದ್ದರು. ಮಾರಿದವನ ಫೋನು ಅಷ್ಟರಲ್ಲಿ ಸ್ವಿಚ್ ಆಫ್. ಆ ಗಾಡಿಯ ಮುಂದಿನ ಗತಿ ಹೇಳುವಂಥದ್ದಲ್ಲ, ಬಿಡಿ.

ಎರಡನೇ ಸಲ, 2024ರ ಜನವರಿಯಲ್ಲಿ, ಕಡೂರಿನ ಹತ್ತಿರ ಒಂದು ಯಮಹಾ ಆರ್‌ಎಕ್ಸ್ 100 ಇದೆ ಅಂತ ಗೊತ್ತಾಯಿತು. 1994ರ ಗಾಡಿ, ಕೆಎ 18. ಕೇಳಿದ ಬೆಲೆ 85,000. ಈ ಸಲ ಅರಸೀಕೆರೆಯಿಂದ ಹೊರಡುವಾಗ ಜೇಬಿನಲ್ಲಿ ದುಡ್ಡಿರಲಿಲ್ಲ, ಪೆನ್ಸಿಲ್ ಇತ್ತು. ಜೊತೆಗೆ ನಮ್ಮ ಗ್ಯಾರೇಜಿನ ಮೇಸ್ತ್ರಿ.

ಕೆಲವು ದೇಶಗಳಲ್ಲಿ ಗಾಡಿಯ ನಂಬರ್ ಹಾಕಿದರೆ ವರ್ಷವರ್ಷದ ತಪಾಸಣೆಯ ವಿವರ, ಆವತ್ತು ಎಷ್ಟು ಓಡಿತ್ತು ಅನ್ನುವುದೂ ಸೇರಿ, ಕಣ್ಣ ಮುಂದೆ ಬರುತ್ತದೆ. ನಮ್ಮಲ್ಲಿ ಸ್ವಂತದ ಬೈಕಿಗೆ ಹಾಗಿಲ್ಲ. ಮೊದಲ ನೋಂದಣಿ 15 ವರ್ಷ. ಅದಾದ ಮೇಲೆ ಐದೈದು ವರ್ಷಕ್ಕೊಮ್ಮೆ ರಿನೀವಲ್. ಆಗ ಮಾತ್ರ ಆರ್‌ಟಿಒ ಕಚೇರಿಯವರು ಗಾಡಿ ನೋಡುವುದು. ಉಳಿದ ಚರಿತ್ರೆಯನ್ನು ನಾವೇ ಚೀಟಿಚೀಟಿಯಾಗಿ ಹೆಕ್ಕಬೇಕು.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದೆ. ವಿವರ ಬಂತು. ಇದೇ ಒಂದು ಸಮಾಧಾನ, ಯಾಕೆಂದರೆ ಕೈಬರಹದ ಆರ್‌ಸಿ ಪುಸ್ತಕದ ಕಾಲದ ಎಷ್ಟೋ ಗಾಡಿಗಳು ಕಂಪ್ಯೂಟರಿಗೆ ಏರಿಯೇ ಇಲ್ಲ. ಅಂಥದ್ದನ್ನು ಕೊಂಡರೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಲು ಆರ್‌ಟಿಒ ಮೆಟ್ಟಿಲು ಸವೆಸಬೇಕು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟೂ ಆಗಲೇ ಬಿದ್ದಿತ್ತು. ದಾಖಲೆಯ ಚಾಸಿಸ್ ನಂಬರ್ ಹೊಂದದಿದ್ದರೆ ಆ ಪ್ಲೇಟು ಬುಕ್ಕೇ ಆಗುವುದಿಲ್ಲ, ಹಾಗಾಗಿ ಅದೂ ಒಂದು ಸಾಕ್ಷಿ.

ಮಾಲೀಕರು "ಹತ್ತು ಗಂಟೆಗೆ ಬನ್ನಿ ಸಾರ್" ಅಂದಿದ್ದರು. ನಾವು ಎಂಟಕ್ಕೇ ಹೋದೆವು. ಬಿಸಿ ಮಾಡಿಟ್ಟ ಟೂ ಸ್ಟ್ರೋಕ್ ಇಂಜಿನ್ ಯಾವ ರೋಗವನ್ನೂ ಹೇಳುವುದಿಲ್ಲ. ಬ್ಲಾಕ್ (ಸಿಲಿಂಡರ್) ಮುಟ್ಟಿದೆ, ತಣ್ಣಗಿತ್ತು. ಮೊದಲು ನಂಬರ್: ಹ್ಯಾಂಡಲ್ ಕೆಳಗಿನ ಕತ್ತಿನ ಹತ್ತಿರ ಮಣ್ಣು ಒರೆಸಿ ಪೆನ್ಸಿಲ್ ಉಜ್ಜಿದೆ. ಅಂಕಿಗಳು ಒಂದೇ ಆಳ, ಒಂದೇ ಸಾಲು. ಆರ್‌ಎಕ್ಸ್ 100ಕ್ಕೆ ಚಾಸಿಸ್‌ನಲ್ಲೂ ಇಂಜಿನ್‌ನಲ್ಲೂ 1ಎಲ್1 ಅನ್ನುವ ಮಾದರಿಯ ಗುರುತು ಇರಬೇಕು. ಎರಡೂ ಕಡೆ ಇತ್ತು. ಈ ಮಾದರಿ 1996ಕ್ಕೇ ನಿಂತುಹೋಯಿತು. ಆಮೇಲೆ ಬಂದ 132 ಸಿಸಿ ಗಾಡಿಗೆ ಹಳೇ ಟ್ಯಾಂಕು ಕೂರಿಸಿ ಆರ್‌ಎಕ್ಸ್ 100 ಅಂತ ಮಾರುವವರು ಉಂಟು. ಅಥವಾ ಇಂಜಿನ್ನಿನ ಕೆಳಭಾಗದ ಕವಚ, ಅಂದರೆ ಕ್ರ್ಯಾಂಕ್‌ಕೇಸ್, ಹಳೆಯದೇ ಇಟ್ಟು ದೊಡ್ಡ ಬ್ಲಾಕ್ ಹಾಕಿರುತ್ತಾರೆ. ನಂಬರ್ ಕ್ರ್ಯಾಂಕ್‌ಕೇಸಿನ ಮೇಲಿರುವುದರಿಂದ ಪೇಪರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ಮೇಸ್ತ್ರಿ ಬೇಕು.

"ನಮ್ಮಪ್ಪನ ಗಾಡಿ ಸಾರ್. ಒಂದು ದಿನ ನಿಲ್ಸಿಲ್ಲ, ದಿನಾ ಓಡ್ತಿತ್ತು" ಅಂದರು ಮಾಲೀಕರು. ಮೀಟರ್ ನೋಡಿದೆ, 41,000 ಚಿಲ್ಲರೆ. ಅದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮುಂದಿನ ಚಕ್ರದಿಂದ ಬರುವ ಕೇಬಲ್ ತುಂಡಾದರೆ ಮೀಟರ್ ನಿಂತಿತು, ಗಾಡಿ ಓಡುತ್ತಲೇ ಇರುತ್ತದೆ.

ಬದಲಿಗೆ ಕೇಳಿದೆ: "ಹಳೇ ಪೇಪರ್ ಏನೇನಿದೆಯೋ ಎಲ್ಲಾ ತನ್ನಿ ಅಣ್ಣಾ, ಹರಿದಿದ್ರೂ ಪರವಾಗಿಲ್ಲ." ಒಂದು ಪ್ಲಾಸ್ಟಿಕ್ ಕವರ್ ತಂದರು. ಜಗಲಿಯ ಮೇಲೆ ಇಸವಿ ಪ್ರಕಾರ ಹರಡಿದೆ. ರಿನೀವಲ್ 2009ರಲ್ಲಿ ಒಂದು, 2014ರಲ್ಲಿ ಒಂದು. 2019ಕ್ಕೆ ಆಗಬೇಕಿದ್ದದ್ದು ಆಗಿದ್ದು 2021ರ ಆಗಸ್ಟ್‌ನಲ್ಲಿ. ಇನ್ಶೂರೆನ್ಸ್ 2016ರವರೆಗೆ ಸಾಲಾಗಿ ಇತ್ತು, ಆಮೇಲೆ ಮತ್ತೆ 2021. ನಡುವೆ ಐದು ವರ್ಷ ಒಂದು ಚೂರು ಕಾಗದವಿಲ್ಲ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತವಲ್ಲ, ಮೊದಲೆರಡು ವಾರ, ಕೊನೆಯೆರಡು ಇಸವಿ. ಎರಡೂ ಟೈರಿನಲ್ಲಿ 2221 ಅಂತಿತ್ತು, ಅಂದರೆ 2021ರ 22ನೇ ವಾರ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆ ಇಟ್ಟಿಗೆ ಬಣ್ಣದ ತುಕ್ಕು.

"ಅಣ್ಣಾ, ಇದು ಐದು ವರ್ಷ ಎಲ್ಲಿ ನಿಂತಿತ್ತು?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ತೀರ್ಕೊಂಡ್ಮೇಲೆ ಕೊಬ್ಬರಿ ಅಟ್ಟದ ಕೆಳಗೆ ನಿಂತಿತ್ತು" ಅಂದರು. ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟೇನೂ ಬರಲಿಲ್ಲ. ಹಳೇ ಗಾಡಿ ಮಾರುವಾಗ 'ದಿನಾ ಓಡ್ತಿತ್ತು' ಅನ್ನುವುದು ನಮ್ಮ ಕಡೆ ನಮಸ್ಕಾರ ಅಂದ ಹಾಗೆ.

ನಿಂತ ಟೂ ಸ್ಟ್ರೋಕಿಗೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಆಯಿಲ್ ಸೀಲ್‌ಗಳು ಗಟ್ಟಿಯಾಗುತ್ತವೆ. ಮ್ಯಾಗ್ನೆಟ್ ಕಡೆಯದು ಹೋದರೆ ಗಾಳಿ ಎಳೆದು ರೇಸ್ ಇಳಿಯುವುದಿಲ್ಲ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಕ್ಕೆ ಹೋಗಿ ಉರಿಯುತ್ತದೆ. ಈ ಗಾಡಿಯಲ್ಲಿ ಹಾಗೇ ಆಗುತ್ತಿದೆ ಅನ್ನುವ ಸುಳಿವು ಕೊಟ್ಟದ್ದು ಎಮಿಷನ್ (ಹೊಗೆ ತಪಾಸಣೆ) ಚೀಟಿಗಳು. ನನ್ನ ಅನುಭವದಲ್ಲಿ ಎಲ್ಲರೂ ಎಸೆಯುವ ಈ ಚೀಟಿಯಷ್ಟು ಬೆಲೆಯ ದಾಖಲೆ ಇನ್ನೊಂದಿಲ್ಲ. ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ ಮಾಡಿಸಬೇಕು, ಪ್ರತಿ ಸಲವೂ ಅಂಕಿ ಅಚ್ಚಾಗುತ್ತದೆ. 2000ನೇ ಇಸವಿಗೂ ಮೊದಲಿನ ಟೂ ಸ್ಟ್ರೋಕಿಗೆ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ. 4.5, ಎಚ್‌ಸಿ (ಪೂರ್ತಿ ಉರಿಯದೆ ಹೊಗೆಯಲ್ಲಿ ಬರುವ ಇಂಧನ, ಎಣ್ಣೆ) 9,000 ಪಿಪಿಎಂ ಒಳಗಿದ್ದರೆ ಪಾಸ್. ಹಾಗಾಗಿ ಪಾಸೋ ಫೇಲೋ ಅನ್ನುವುದಲ್ಲ ಮುಖ್ಯ, ಅಂಕಿ ಯಾವ ಕಡೆ ಹೋಗುತ್ತಿದೆ ಅನ್ನುವುದು. ಕವರಿನಲ್ಲಿ ಐದು ಚೀಟಿ ಇದ್ದವು. ಎಚ್‌ಸಿ 3,100ರಿಂದ ಶುರುವಾಗಿ ಕೊನೆಯದರಲ್ಲಿ 6,300. ನಡುವಿನ ಎರಡರಲ್ಲಿ ಎಲ್ಲ ಅಂಕಿಗಳೂ ಅಚ್ಚುಕಟ್ಟಾಗಿ ಒಂದೇ ಇದ್ದವು. ಸೈಲೆನ್ಸರಿಗೆ ಪೈಪ್ ಹಾಕದೆಯೇ ಕೊಟ್ಟದ್ದಿರಬೇಕು; ಆ ಎರಡನ್ನು ಪಕ್ಕಕ್ಕಿಟ್ಟೆ.

ಮೇಸ್ತ್ರಿ ಮೂರನೇ ಕಿಕ್ಕಿಗೆ ಸ್ಟಾರ್ಟ್ ಮಾಡಿದರು. ಬಿಳಿ ಹೊಗೆ, ಇಂಜಿನ್ ಬಿಸಿಯಾದ ಮೇಲೂ ನಿಲ್ಲಲಿಲ್ಲ. ಗೇರ್ ಆಯಿಲ್ ಬಸಿದು ನೋಡಿದರೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ. ಉದ್ದನೆ ಸ್ಕ್ರೂ ಡ್ರೈವರಿನ ತುದಿ ಕ್ರ್ಯಾಂಕ್‌ಕೇಸಿಗೂ ಹಿಡಿಯನ್ನು ಕಿವಿಗೂ ಒತ್ತಿ, "ಬೇರಿಂಗ್ ಕೂಗ್ತಿದೆ, ಆದ್ರೆ ಕನೆಕ್ಟಿಂಗ್ ರಾಡ್ ಇನ್ನೂ ಬಡೀತಿಲ್ಲ" ಅಂದರು. ಹ್ಯಾಂಡಲಿನ ಕೋನ್ ಸೆಟ್, ಫೋರ್ಕ್, ಬ್ರೇಕ್ ಡ್ರಮ್ ಪರವಾಗಿಲ್ಲ ಅನ್ನುವಂತಿದ್ದವು.

ಸೀಲು, ಬೇರಿಂಗ್, ಟ್ಯಾಂಕ್ ತೊಳೆಸುವುದು ಎಲ್ಲ ಸೇರಿಸಿ ಅಲ್ಲೇ ಲೆಕ್ಕ ಹಾಕಿ 71,000ಕ್ಕೆ ಒಪ್ಪಂದವಾಯಿತು. ಮಾಲೀಕರೇ ಗಾಡಿ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ನನ್ನೆದುರೇ ಸಹಿ ಹಾಕಬೇಕು ಅಂತ ಹಟ ಹಿಡಿದೆ. ಖಾಲಿ ಫಾರಂ ಮೇಲಿನ ಹಳೇ ಸಹಿ ನನಗೆ ಬೇಡ.

ಇಂಜಿನ್ ಬಿಚ್ಚಿದಾಗ ಕ್ಲಚ್ ಕಡೆಯ ಸೀಲ್ ಕೈಯಲ್ಲಿ ಮಡಚಿದರೆ ಲಟಕ್ಕನೆ ಮುರಿಯಿತು. ಪಿಸ್ಟನ್ ತಲೆಯ ಮೇಲೆ 0.50 ಅಂತಿತ್ತು, ಅಂದರೆ ಬೋರ್ ಆಗಿದೆ, ಸಿಲಿಂಡರ್ ಕೊರೆದು ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದ್ದಾರೆ; ಇನ್ನೂ ಎರಡು ಸಲಕ್ಕೆ ಜಾಗವಿದೆ. ಕೆಲಸ ಮುಗಿದ ಮೇಲೆ ಎಮಿಷನ್ ಮಾಡಿಸಿದೆ, ಪೈಪ್ ಒಳಗೆ ಹೋಗುವವರೆಗೆ ಪಕ್ಕದಲ್ಲೇ ನಿಂತಿದ್ದೆ. ಎಚ್‌ಸಿ 2,700. ಆ ಚೀಟಿಯನ್ನು ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿದ್ದೇನೆ.